ಮೂರನೇ ದಿನ ರಾಣೆಬೆನ್ನೂರು

ಬ್ಯಾಡಗಿ
೨೪ ಜೂನ್ ೨೦೨೪

ಅರುಣಾ ತಂಗಿಗೆ,

ಹಬ್ಬದ ದಿನ ನಿನ್ನ ದಾರಿ ನೋಡಿದೆವು. ನಿನಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿದ್ದ ಸುರಕುಂಬಾ ಪಾಯಸವನ್ನು ಕೊನೆಗೆ ಮಗಳು ಬೇನಜೀರ ಮುಗಿಸಿ ಹಾವೇರಿಯ ಹಾಸ್ಟೆಲಿಗೆ ಹೋದಳು. ಆಡಿಟ್ ಬಂತೆಂದರೆ ನೀನು ಕಚೇರಿಯ ನಕಾಶೆಗಳ ನಡುವೆಯೇ ಊಟ ಮಾಡುವವಳೆಂದು ಗೊತ್ತು. ಬೇಸರವಿಲ್ಲ.

ಪುಣೆಯಿಂದ ಒಬ್ಬ ಗಿರಾಕಿ ಫೋನ್ ಮಾಡಿದ್ದ. ನಕಾಶೆಯ ಮೇಲೆ ಬಿಲ್ಲೆ ಸರಿಸಿ ಆಡುವ ನಮ್ಮ ಹಳೆಯ ಎರಡೂ ಯುದ್ಧದಾಟಗಳನ್ನು ಕೊಂಡವನು. ಮೂರನೆಯದು ಯಾಕೆ ಇನ್ನೂ ಮುಗಿದಿಲ್ಲ ಎಂದು ಕೇಳಿದ. ಅಂಚೆಯಲ್ಲಿ ಆಡಿ ಪರೀಕ್ಷೆ ಮಾಡುತ್ತಿದ್ದೇವೆ ಎಂದೆ. ಮೂವತ್ತು ಕಿಲೋಮೀಟರ್ ದೂರದ ಇಬ್ಬರು ಅಂಚೆಯಲ್ಲಿ ಆಡುವುದೇ ಎಂದು ನಕ್ಕುಬಿಟ್ಟ. ನಿನ್ನ ಅಣ್ಣ ಹನುಮೇಶ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಆ ಕಾಲದ ಸೇನಾಪತಿಗೆ ಶತ್ರು ಎಲ್ಲಿದ್ದಾನೆಂಬ ಸುದ್ದಿ ನಾಲ್ಕು ದಿನ ತಡವಾಗಿ ಬರುತ್ತಿತ್ತು. ಒಂದೇ ಮೇಜಿಗೆ ಎದುರುಬದುರು ಕೂತು ಬಿಲ್ಲೆ ಸರಿಸಿದರೆ ಆ ಭಯ ಆಟದೊಳಗೆ ಬರುವುದಿಲ್ಲ. ಆಜ್ಞೆ ಬರೆದು, ಅಂಚೆಗೆ ಹಾಕಿ, ಒಂದು ವಾರ ಸುಮ್ಮನೆ ಕಾಯಬೇಕು. ಆಗ ಗೊತ್ತಾಗುತ್ತದೆ ಆ ಸೇನಾಪತಿ ಹೇಗೆ ಕಾಯುತ್ತಿದ್ದ ಎಂದು. ಹನುಮೇಶ ತೀರಿಕೊಂಡು ಮೂರು ವರ್ಷ. ಅವನಿಲ್ಲದೆ ನಾವಿಬ್ಬರೇ ಮಾಡುತ್ತಿರುವ ಮೊದಲ ಆಟವೆಂದು ಹೇಳಿದ ಮೇಲೆ ಪುಣೆಯವನು ನಗುವುದನ್ನು ನಿಲ್ಲಿಸಿದ.

ಈಗ ಆಟದ ಮಾತು. ಸಾವಿರದ ಎಂಟುನೂರರ ಮುಂಗಾರು ಹಿಡಿದಿದೆ. ನಿನ್ನ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ತುಂಗಭದ್ರೆಯ ಆಚೆ ದಡದಲ್ಲಿ ನಿಂತಿದೆ. ನನ್ನ ಬಂಡಾಯಗಾರ ಧೋಂಡಿಯಾ ವಾಘನ ಕುದುರೆಗಳು ಈಚೆ ದಡದಲ್ಲಿ ಎಲ್ಲೋ ಇವೆ. ಎಲ್ಲಿ ಅಂತ ಹೇಳುವುದಿಲ್ಲ. ರಾಣೆಬೆನ್ನೂರು ಕೋಟೆಯಲ್ಲಿ ನನ್ನ ಐದು ಬಿಲ್ಲೆ ಕಾವಲಿವೆ.

ನನಗೆ ಎರಡು ತೊಡಕುಗಳಿವೆ. ಮೊದಲನೆಯದು ನದಿ. ಮಳೆಗಾಲದಲ್ಲಿ ನೀರು ಎಷ್ಟು ಬೇಗ ಏರುತ್ತದೆಂದು ತಿಳಿಯದೆ ದಾಟುವ ನಿಯಮ ಬರೆಯಲಾರೆ. ನದಿ ದಡದ ಐರಣಿಗೆ ಒಮ್ಮೆ ಹೋಗಿ ನೋಡಿ ಬಾ. ಎರಡನೆಯದು ಕೋಟೆ. ಅದು ಬಿದ್ದ ಮೇಲೆ ಒಳಗಿದ್ದವರ ಬಿಲ್ಲೆಗಳನ್ನು ಏನು ಮಾಡಬೇಕು? ಓಡಿಹೋಗಲು ದಾಳ ಉರುಳಿಸಲಿಕ್ಕೆ ಬಿಡುವುದೇ, ಸೆರೆ ಹಿಡಿಯುವುದೇ? ಬಹುತೇಕ ಎಲ್ಲರನ್ನೂ ಕೊಂದರು ಎಂದು ಓದಿದ್ದೇನೆ. ಅದನ್ನು ನಿಯಮವೆಂದು ಬರೆಯಲು ನನಗೆ ಕೈ ಬರುತ್ತಿಲ್ಲ. ದಾಳಿ ಮಾಡುವವಳು ನೀನು, ನೀನೇ ತೀರ್ಮಾನಿಸು.

ನಿನ್ನೆ ನಮ್ಮ ಡಬ್ಬಿ ಅಂಗಡಿಯಲ್ಲಿ, ಮಿಠಾಯಿ ಅಂಗಡಿಗಳಿಗೆ ಮಾಡಿಕೊಡುವ ಡಬ್ಬಿಯ ರಟ್ಟಿನಿಂದಲೇ ಬಿಲ್ಲೆ ಕತ್ತರಿಸುತ್ತಿದ್ದಾಗ ನಿನ್ನ ಭಾಬಿ ಕುಲ್ಸುಮ ಬಂದು ನಿಂತಳು. “ಈ ಲಡಾಯಿ ಕಾಗದ ಅಂಗಡ್ಯಾಗ ಇಡಬ್ಯಾಡ್ರಿ. ಹೊರಗಿನವರು ನೋಡಿದ್ರ ಏನಂತ ತಿಳೀತಾರ?” ಅಂದಳು.

“ಆಟ ಅಂತ ತಿಳೀತಾರ.”

“ನೀವು ಹೇಳಿದ್ರ ತಿಳೀತಾರ. ಹೇಳಾಕ ನಿಮಗ ಟೈಮ್ ಕೊಡಬೇಕಲ್ಲ?”

ನಾನು ನಕ್ಕೆ. ಅವಳು ನಗಲಿಲ್ಲ.

ನಿನ್ನ ಆಜ್ಞೆಗೆ ಹೆದರಿ ಕೂತಿರುವ,
ಮುಜಾಫರ


ರಾಣೆಬೆನ್ನೂರು
೯ ಜುಲೈ ೨೦೨೪

ಮುಜಾಫರಣ್ಣನವರಿಗೆ ನಮಸ್ಕಾರ.

ಭಾನುವಾರ ಐರಣಿಗೆ ಹೋಗಿದ್ದೆ. ನದಿ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ದಡದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಮೈಲಾರೆಪ್ಪ ಎನ್ನುವ ಮುದುಕನನ್ನು, ನೀರು ಏರುವುದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

“ಏರೂ ಮುಂದ ಸಪ್ಪಳ ಮಾಡಂಗಿಲ್ರಿ ಅಕ್ಕಾರ. ಏರಿದ ಮ್ಯಾಲ ಮಾಡತೈತಿ” ಅಂದ.

ನೀರಿನ ಅಂಚಿನಲ್ಲಿದ್ದ ಒಂದು ಬಿಳಿ ಕಲ್ಲನ್ನು ಗುರುತಿಟ್ಟುಕೊಂಡು ರೊಟ್ಟಿ ಬಿಚ್ಚಿದೆ. ತಿಂದು ಮುಗಿಸುವಷ್ಟರಲ್ಲಿ ಕಲ್ಲು ಕಾಣಲಿಲ್ಲ. ನಾನು ಕೂತ ಜಾಗದಿಂದ ನಾಲ್ಕು ಮಾರು ಹಿಂದೆ ಸರಿದು ಕೂತೆ. ನಿಯಮ ಹೀಗಿರಲಿ: ಸೈನ್ಯ ಅರ್ಧ ದಾಟಿದ ಮೇಲೆ ದಾಳ ಉರುಳಿಸಬೇಕು, ಒಂದು ಬಿದ್ದರೆ ಉಳಿದರ್ಧ ಆಚೆಯೇ ಉಳಿಯಬೇಕು.

ಇನ್ನು ಹೇಳಲು ಮನಸ್ಸಿಲ್ಲದ ಮಾತು. ನಮ್ಮ ಆಟಕ್ಕೆಂದು ನಾನು ತಿದ್ದಿದ ನಕಾಶೆ ಕಳೆದುಹೋಗಿದೆ.

ನಿನ್ನೆ ಹಾವೇರಿಯ ಮೇಲಿನ ಕಚೇರಿಗೆ ಹೋಗುವುದಿತ್ತು. ನಕಾಶೆಯನ್ನೂ ಆಜ್ಞೆಯ ಹಾಳೆಯನ್ನೂ ಸುರುಳಿ ಸುತ್ತಿ, ಮೇಲೆ ನಿಮ್ಮ ಹೆಸರು ವಿಳಾಸ ಬರೆದು, ಅಲ್ಲೇ ಅಂಚೆಗೆ ಕೊಡೋಣವೆಂದು ತೆಗೆದುಕೊಂಡೆ. ಬಸ್ಸಿನಲ್ಲಿ ತಲೆಯ ಮೇಲಿನ ಸಾಮಾನಿನ ಹಲಗೆಯಲ್ಲಿಟ್ಟೆ. ಇಳಿದಾಗ ನನ್ನ ಕೈಯಲ್ಲಿ ಕಚೇರಿಯ ಕಡತಗಳು ಮಾತ್ರ ಇದ್ದವು. ಓಡಿಹೋಗಿ ನೋಡುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಸಂಜೆ ನಿಲ್ದಾಣದಲ್ಲಿ ವಿಚಾರಿಸಿದೆ. ಕಂಡಕ್ಟರ್ ಏನೂ ನೋಡಿಲ್ಲವಂತೆ.

ಇನ್ನೊಂದು ನಕಾಶೆ ತಿದ್ದಬಹುದು. ಅದಲ್ಲ ನನ್ನ ಚಿಂತೆ. ಅಡಿಯಲ್ಲಿ ನಮ್ಮ ನೀರಾವರಿ ಕಚೇರಿಯ ಹಾಳೆಯನ್ನಿಟ್ಟು ಮೇಲೆ ತಿದ್ದಿದ್ದೆ. ಕಾಲುವೆ, ಸೇತುವೆ, ನೀರಿನ ಟಾಕಿ, ರೈಲು ಹಳಿ ಎಲ್ಲ ಪೆನ್ಸಿಲಿನಲ್ಲಿ ಹಾಗೇ ಉಳಿದಿದ್ದವು. ಊರುಗಳ ಜಾಗ ಸರಿ ಬಂತೇ ಎಂದು ನೋಡಿಕೊಂಡು ಒರೆಸಬೇಕೆಂದಿದ್ದೆ. ಆ ಹಾಳೆಗಳನ್ನು ಹೊರಗಿನ ಕೆಲಸಕ್ಕೆ ನಕಲು ಮಾಡುವಂತಿಲ್ಲ. ಸಿಕ್ಕಿಬಿದ್ದರೆ ನನ್ನ ನೌಕರಿಗೆ ಕುತ್ತು ಬರುತ್ತದೆ. ದಯವಿಟ್ಟು ಯಾರಿಗೂ ಹೇಳಬೇಡಿ.

ಕಳೆದುಹೋದ ಆಜ್ಞೆಯನ್ನು ಮತ್ತೆ ಬರೆಯುತ್ತಿದ್ದೇನೆ: ಮೊದಲ ದಿನ ಐರಣಿಯಲ್ಲಿ ನದಿ ದಾಟುವುದು. ಎರಡನೇ ದಿನ ಹೊರಹೋಗುವ ದಾರಿಗಳನ್ನು ಮುಚ್ಚುವುದು. ಮೂರನೇ ದಿನ ರಾಣೆಬೆನ್ನೂರು. ಒಳಗಿದ್ದವರನ್ನು ಯಾರನ್ನೂ ಬಿಡಬಾರದು.

ಕೊನೆಯ ಸಾಲು ಬರೆದಾಗ ನನಗೇ ಹೆದರಿಕೆಯಾಯಿತು. ನಾನು ದಿನಾ ತರಕಾರಿ ತರುವ ಊರು ಇದು. ಆದರೆ ನಡೆದದ್ದನ್ನು ನಡೆಯಲಿಲ್ಲವೆಂದು ಆಟ ಹೇಳಬಾರದು ಎಂದು ಅಣ್ಣ ಅನ್ನುತ್ತಿದ್ದ.

ಇಂತಿ,
ಅರುಣಾ


ಬ್ಯಾಡಗಿ
೧೫ ಜುಲೈ ೨೦೨೪

ಅರುಣಾ,

ನಕಾಶೆ ಸಿಕ್ಕಿದೆ. ಸಿಗಬಾರದವರಿಗೆ ಸಿಕ್ಕಿದೆ.

ಶುಕ್ರವಾರ ನಮಾಜು ಮುಗಿಸಿ ಬರುವಾಗ ಪಕ್ಕದ ಟೇಲರ್ ಅಂಗಡಿಯ ದಾದಾಪೀರ ನನ್ನ ರಟ್ಟೆ ಹಿಡಿದು ಒಳಗೆಳೆದ. “ಇದರಾಗ ನಿನ್ನ ಹೆಸರೈತಿ, ನೋಡು” ಎಂದು ಫೋನ್ ಮುಂದೆ ಹಿಡಿದ. ನಿನ್ನ ನಕಾಶೆಯ ಫೋಟೋ. ನೀನು ಹಾಕಿದ ಕೆಂಪು ಬಾಣಗಳು. ಪಕ್ಕದಲ್ಲಿ ಆಜ್ಞೆಯ ಹಾಳೆ, ಅದರ ಪಕ್ಕದಲ್ಲಿ ನನ್ನ ಹೆಸರು, ಅಂಗಡಿಯ ವಿಳಾಸ. ಕೆಳಗೆ ಯಾರೋ ಬರೆದಿದ್ದರು: ‘ಎಚ್ಚರ! ಮೂರನೇ ದಿನ ರಾಣೆಬೆನ್ನೂರು. ಎಲ್ಲರಿಗೂ ಕಳಿಸಿ.’ ಕಳಿಸಿದ್ದಾರೆ. ದಾದಾಪೀರನಿಗೇ ಐದು ಕಡೆಯಿಂದ ಬಂದಿತ್ತು.

ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಒಂದು ತಾಸಿನೊಳಗೆ ಇಬ್ಬರು ಪೊಲೀಸರು ಬಂದರು. ಬಿಲ್ಲೆ, ದಾಳ, ನಿಯಮದ ವಹಿಗಳು, ನನ್ನ ಫೋನು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನನ್ನನ್ನು ಠಾಣೆಗೆ ಕರೆದೊಯ್ದರು. ಓಣಿಯ ಜನ ಎರಡೂ ಬದಿಗೆ ನಿಂತು ನೋಡಿದರು. ಒಬ್ಬರೂ ಏನೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಇನ್ಸ್‌ಪೆಕ್ಟರ್ ಸಾಹೇಬರು ಕೆಟ್ಟವರಲ್ಲ. ಕೂಡ್ರಿಸಿಯೇ ಮಾತಾಡಿದರು. ಇದು ಆಟ, ಹಳೆಯ ಯುದ್ಧವನ್ನು ಕೂತಲ್ಲೇ ಆಡುವುದು, ಇದು ಸಾವಿರದ ಎಂಟುನೂರರ ಮಾತು ಎಂದೆ. ಪೂರ್ತಿ ಕೇಳಿದರು. ಆಮೇಲೆ ನಕಾಶೆಯ ಮೇಲೆ ಬೆರಳಿಟ್ಟರು.

“ಸಾವಿರದ ಎಂಟುನೂರರಾಗ ರೈಲು ಇತ್ತೇನು?”

“ಇದ್ದಿಲ್ರಿ.”

“ನೀರಿನ ಟಾಕಿ?”

“ಇದ್ದಿಲ್ರಿ.”

“ಮತ್ತ ಯಾಕ ಬರದೀರಿ?”

ಊರುಗಳ ಜಾಗ ಹೊಂದಿಸಲಿಕ್ಕೆ ಎಂದೆ. ನನಗೇ ಅದು ಸುಳ್ಳಿನಂತೆ ಕೇಳಿಸಿತು. “ಯಾರ ಕೈಬರಹ ಇದು?” ಎಂದು ಕೇಳಿದರು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೂ ಹೇಳಬೇಡಿ ಎಂದು ನೀನು ಬರೆದದ್ದು ನೆನಪಾಯಿತು. “ನಂದ್ರಿ” ಅಂದುಬಿಟ್ಟೆ.

ಬಂಧಿಸಿಲ್ಲ. ದಿನಾ ಬೆಳಗ್ಗೆ ಹತ್ತಕ್ಕೆ ಹೋಗಿ ಸಂಜೆಯವರೆಗೆ ಬೆಂಚಿನ ಮೇಲೆ ಕೂಡಬೇಕು. ನೀನು ಫೋನ್ ಮಾಡಬೇಡ, ಅದು ಅವರ ಕಡೆ ಇದೆ. ಈ ಪತ್ರವನ್ನು ಇಲ್ಲಿ ಬೇಡವೆಂದು ದಾದಾಪೀರ ಮೋಟೆಬೆನ್ನೂರಿನ ಅಂಚೆ ಡಬ್ಬಿಗೆ ಹಾಕುತ್ತಾನೆ. ಅಂಚೆಯ ಮೇಲೆ ನನಗೆ ಈಗಲೂ ನಂಬಿಕೆಯಿದೆ.

ಮುಜಾಫರ


ರಾಣೆಬೆನ್ನೂರು
೨೨ ಜುಲೈ ೨೦೨೪

ಅಣ್ಣಾ,

ನಿಮ್ಮ ಪತ್ರವನ್ನು ಹತ್ತು ಸಲ ಓದಿದೆ. ಅದು ತಲುಪುವ ಮುಂಚೆಯೇ ಫೋಟೋ ನಮ್ಮ ಓಣಿಗೆ ಬಂದಿತ್ತು. ಎದುರು ಮನೆಯವರು ಮಗುವನ್ನು ಎರಡು ದಿನ ಶಾಲೆಗೆ ಕಳಿಸಲಿಲ್ಲ. ಕಿರಾಣಿ ಅಂಗಡಿಯವನು, “ಇವತ್ತ ಮೂರನೇ ದಿನ ಅಂತ, ಬಾಗಲಾ ಹಾಕ್ಕೊಂಡು ಕುಂದ್ರಿ ಬಾಯಾರ” ಎಂದು ನನಗೇ ಹೇಳಿದ. ನಾನು ಹೂಂ ಅಂದೆ. ಸಕ್ಕರೆ ತೆಗೆದುಕೊಂಡು ಮನೆಗೆ ಬಂದೆ.

ಕಚೇರಿಯಲ್ಲಿ ಸಾಹೇಬರು ಎಲ್ಲರನ್ನೂ ಕರೆದು ನಿಲ್ಲಿಸಿದ್ದರು. ಫೋಟೋದಲ್ಲಿರುವ ಕಾಲುವೆಯ ಗೆರೆಗಳು ನಮ್ಮ ಹಾಳೆಯವೇ ಎಂದು ಯಾರಿಗೋ ಅನುಮಾನ ಬಂದಿದೆ. ಕಪಾಟಿನ ರಿಜಿಸ್ಟರ್ ತೆಗೆಸಿದರು. ನಾನು ಹಾಳೆ ಹೊರಗೊಯ್ದದ್ದನ್ನು ಅದರಲ್ಲಿ ಬರೆದಿರಲಿಲ್ಲ. ಹಾಗಾಗಿ ಉಳಿದೆ. ಮರುದಿನ ಜ್ವರವೆಂದು ರಜೆ ಹಾಕಿದೆ. ಜ್ವರ ಖರೇನೇ ಬಂತು.

ಮನೆಯಲ್ಲಿದ್ದ ಆಟದ ಕಾಗದಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಅಣ್ಣನ ಕೈಬರಹದ ನಿಯಮಗಳೂ ಹೋದವು. “ಏನ ಸುಡಾಕತ್ತೀಯವಾ, ವಾಸನಿ ಬರಾಕತ್ತೈತಿ” ಎಂದು ಹಾಸಿಗೆ ಹಿಡಿದ ಅವ್ವ ಒಳಗಿನಿಂದ ಕೇಳುತ್ತಿದ್ದಳು. ಹಳೇ ಕರೆಂಟ್ ಬಿಲ್ಲುಗಳು ಎಂದೆ.

ನನಗೆ ಇನ್ನು ಆರು ವರ್ಷ ನೌಕರಿ ಇದೆ. ಅವ್ವನಿಗೆ ನನ್ನ ಬಿಟ್ಟರೆ ಯಾರೂ ಇಲ್ಲ. ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆಂದು ನಿಮಗೆ ಗೊತ್ತಾಗುತ್ತದೆ. ಠಾಣೆಗೆ ಬಾ ಎಂದು ನೀವು ಬರೆದಿಲ್ಲ. ಬರಬೇಡ ಎಂದೂ ಬರೆದಿಲ್ಲ.

ಕೆಳಗೆ ಹೆಸರು ಹಾಕುವುದಿಲ್ಲ, ತಪ್ಪು ತಿಳಿಯಬೇಡಿ.

ನಿಮ್ಮ ತಂಗಿ


ಬ್ಯಾಡಗಿ
೨ ಆಗಸ್ಟ್ ೨೦೨೪

ಅರುಣಾ ಆಂಟಿಯವರಿಗೆ,

ನಾನು ಬೇನಜೀರ. ಅಮ್ಮಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಅವಳು ಹೇಳಿದ್ದನ್ನು ಒಂದಕ್ಷರವನ್ನೂ ಬದಲಿಸದೆ ಬರೆಯುತ್ತಿದ್ದೇನೆ.

ಅರುಣವ್ವಾ, ನಾ ಕುಲ್ಸುಮಬಿ. ಇವರು ಠಾಣೆಕ್ಕ ಹೋಗ್ಯಾರ. ನಾ ನಿನಗ ಬರೆಸಾಕತ್ತಿದ್ದು ಇವರಿಗೆ ಗೊತ್ತಿಲ್ಲ.

ಇಪ್ಪತ್ತೊಂದು ದಿನ ಆತು. ಮೊದಲ ವಾರ ನಮಗೂ ಧೈರ್ಯ ಇತ್ತು. ಆಟ ಅಂತ ತಿಳದು ಬಿಡ್ತಾರ ಅಂದ್ಕೊಂಡಿದ್ವಿ. ಸಾಹೇಬರೂ ಅರ್ಧ ನಂಬಿದ್ರಂತ. ಆಮ್ಯಾಲ ಒಂದು ದಿನ ಇವರ ಕೈಯಾಗ ಪೆನ್ ಕೊಟ್ಟು, ಆ ಹಾಳ್ಯಾಗಿನ ಮಾತು ಬರಿ ಅಂದ್ರು. ಬರದ್ರು. ಎರಡೂ ಕೈ ಕೂಡಲಿಲ್ಲ. ಕೂಡತಾವೇನು? ನಿನ್ನ ಅಕ್ಷರ ಮುತ್ತಿನಂಗ, ಇವರದು ಕೋಳಿ ಕೆದರಿದಂಗ. ಅವತ್ತಿನಿಂದ ಮಾತ ಬ್ಯಾರೆ ಆಗೈತಿ. “ಸುಳ್ಳ ಹೇಳೀದಿ. ಇನ್ನೊಬ್ಬಾಂವ ಅದಾನ. ಯಾರವ? ಎಲ್ಲಿ ಅದಾನ? ಯಾಕ ಮುಚ್ಚಾಕತ್ತೀದಿ?” ಅಂತ ದಿನಾ ಕೇಳತಾರ. ಮುಚ್ಚಿದ್ದಕ್ಕಽ ಈಗ ಇವರ ಮ್ಯಾಲ ಡೌಟ್ ಜಾಸ್ತಿ. ಸೋಮವಾರದ ನಂತರ ಹಾವೇರಿಗೆ ದೊಡ್ಡ ಸಾಹೇಬರ ಮುಂದ ಒಯ್ತೇವಿ ಅಂದಾರಂತ.

ನಮ್ಮ ಮಿಠಾಯಿ ಅಂಗಡಿಯವರು ಯಾರೂ ಡಬ್ಬಿ ಒಯ್ಯವಲ್ಲರು. ಬೇನಜೀರನ ಹಾಸ್ಟೆಲಿನಾಗ ಹುಡುಗ್ಯಾರು ಇವಳ ಪಕ್ಕ ಕುಂದ್ರವಲ್ಲರು. ಅದಕ್ಕ ಮನೀಗೆ ಕರಕೊಂಡು ಬಂದೇನಿ. ಬಾಗಲಾ ಸಪ್ಪಳಾದ್ರ ಇವರು ಎದ್ದು ನಿಂದರತಾರ. ಗಾಳಿಗೆ ಸಪ್ಪಳಾದ್ರೂ ಎದ್ದು ನಿಂದರತಾರ. ಊಟದ ತಾಟು ಅಲ್ಲೇ ಇರತೈತಿ.

ನಿನ್ನ ಪತ್ರ ಎಲ್ಲಾ ನಾ ಮೊದಲಽ ಅಕ್ಕಿ ಡಬ್ಬ್ಯಾಗ ಇಟ್ಟಿದ್ನಿ, ಪೊಲೀಸರಿಗೆ ಸಿಕ್ಕಿಲ್ಲ. ನನ್ನ ಯಾರೂ ಏನೂ ಕೇಳಿಲ್ಲ. ಮನ್ನೆ ಆ ಪತ್ರ ಸೆರಗಿನಾಗ ಕಟ್ಟಿಕೊಂಡು ಠಾಣೆ ಬಾಗಲಾ ತನಕ ಹೋಗಿದ್ನಿ. ಒಳಗ ಬೆಂಚಿನ ಮ್ಯಾಲ ಇವರು ತಲಿ ಬಗ್ಗಿಸಿ ಕುಂತಿದ್ರು. ಇವರು ಇಷ್ಟ ದಿನಾ ಹಿಡಕೊಂಡ ಮಾತು ನಾ ಒಯ್ದು ಕೊಟ್ರ ಮತ್ತ ನನ್ನ ಮಾರಿ ನೋಡ್ತಾರೋ ಇಲ್ಲೋ ಅಂತ ತಿರುಗಿ ಬಂದ್ನಿ.

ನಿನಗ ನಾ ಬೈಯಂಗಿಲ್ಲ. ನಿನಗೂ ಅಂಜಿಕಿ ಇರತೈತಿ. ಆದರ ನಿನ್ನ ಅಂಜಿಕಿನೂ ನಮ್ಮ ಮನ್ಯಾಗ ಬಂದು ಕುಂತೈತಿ ಅರುಣವ್ವಾ. ನಮ್ಮದಽ ನಮಗ ಸಾಕಾಗೈತಿ. ನೀ ಬಾ.

ಅಮ್ಮಿ ಹೇಳಿದ್ದು ಇಷ್ಟೇ. ಅವಳು ಹೆಬ್ಬೆಟ್ಟು ಒತ್ತುತ್ತೇನೆ ಅಂದಳು. ಬೇಡ ಎಂದೆ.

ಕುಲ್ಸುಮಬಿ (ಬರೆದವಳು ಬೇನಜೀರ)


ರಾಣೆಬೆನ್ನೂರು
೭ ಆಗಸ್ಟ್ ೨೦೨೪

ಮುಜಾಫರಣ್ಣನವರಿಗೆ,

ನಿನ್ನೆ ಠಾಣೆಯೊಳಗೆ ಏನಾಯಿತೆಂದು ನಿಮಗೆ ಗೊತ್ತಾಗಲಿಲ್ಲ. ಅದನ್ನು ಬರೆಯುವುದು ನನ್ನ ಕೆಲಸ.

ಭಾಬಿಯ ಪತ್ರ ಸೋಮವಾರ ಸಿಕ್ಕಿತು. ಮಂಗಳವಾರ ಅವ್ವನಿಗೆ ಊಟ ಮಾಡಿಸಿ, ಪಕ್ಕದ ಮನೆಯ ಕಾವೇರಿಗೆ ಮನೆಯ ಕೀಲಿ ಕೊಟ್ಟೆ. “ಸಂಜೀಕ ಬರಲಿಲ್ಲಂದ್ರ ಅವ್ವಗ ಗುಳಿಗಿ ಕೊಡು” ಅಂದೆ. “ಯಾಕಕ್ಕಾ, ಎಲ್ಲಿ ಹೊಂಟೀರಿ?” ಎಂದು ಕೇಳಿದಳು. ಬ್ಯಾಡಗಿಗೆ ಎಂದೆ. ಇನ್ನೇನೂ ಹೇಳಲಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಸರಳನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ, ಇಳಿದಾಗ ಬೆರಳು ಬಿಚ್ಚಲು ಬರಲಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿದು ತಿರುಗಿ ಹೋಗಿಬಿಡೋಣ ಎನ್ನಿಸಿತ್ತು. ಎದ್ದೂ ನಿಂತಿದ್ದೆ. ಕಂಡಕ್ಟರ್ “ಇಳಿತೀರೇನ್ರಿ?” ಎಂದ. ಮತ್ತೆ ಕೂತೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಠಾಣೆಯ ಬೆಂಚಿನ ಮೇಲೆ ನೀವಿದ್ದಿರಿ. ನನ್ನನ್ನು ನೋಡಿದಿರಿ, ಮುಖ ತಿರುಗಿಸಿದಿರಿ. ನಾನು ಅದಕ್ಕೆ ತಕ್ಕವಳೇ. ಒಳಗೆ ಹೋದೆ.

“ಆ ಫೋಟೋದಾಗಿನ ನಕಾಶೆ ನಂದ್ರಿ. ಅಕ್ಷರಾನೂ ನಂದ್ರಿ” ಅಂದೆ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಯಾರರ ಕರೆ ಕಳ್ಸಿದ್ರೇನು ನಿಮಗ?”

“ಇಲ್ರಿ. ನಾನಽ ಬಂದೇನ್ರಿ.”

ಅವರು ಬಾಗಿಲಲ್ಲಿ ನಿಂತ ಪೇದೆಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ನನಗೆ ಕುರ್ಚಿ ತೋರಿಸಿದರು. “ನಿಮ್ಮದು ಅನ್ನಾಕ ಏನೈತಿ? ಬ್ಯಾರೆ ಕಾಗದ, ಕಚ್ಚಾ ನಕಾಶೆ, ಏನರ?”

ಏನೂ ಇರಲಿಲ್ಲ. ಎಲ್ಲವನ್ನೂ ನಾನೇ ಸುಟ್ಟಿದ್ದೆ. ನಿಮ್ಮನ್ನು ಉಳಿಸಬಹುದಾದ ಒಂದೊಂದು ಹಾಳೆಯೂ ನಮ್ಮ ಬಚ್ಚಲಲ್ಲಿ ಬೂದಿಯಾಗಿತ್ತು. ಆಗ ನನಗಾದ ಹೆದರಿಕೆಯನ್ನು ಹೇಗೆ ಬರೆಯಲಿ? ಬಂದರೂ ಉಪಯೋಗವಿಲ್ಲ ಎನ್ನಿಸಿತು. ಆಮೇಲೆ, “ಒಂದು ದೊಡ್ಡ ಹಾಳಿ, ಪೆನ್ಸಿಲ್ ಕೊಡ್ರಿ. ಇಲ್ಲೇ ತಗೀತೇನಿ” ಅಂದೆ.

ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿ ಕೊಟ್ಟರು. ಮೊದಲ ಗೆರೆ ವಕ್ರವಾಯಿತು, ಒರೆಸಿದೆ. ಐರಣಿಯ ಹತ್ತಿರ ನದಿ ಹೇಗಿದೆ ಎಂದು ನೆನೆಸಿಕೊಂಡೆ, ಅಲ್ಲಿಂದ ಶುರು ಮಾಡಿದೆ. ಮೂವತ್ತು ವರ್ಷ ಇದನ್ನೇ ಮಾಡಿದ ಕೈ. ನಾನು ಹೆದರಿದ್ದರೂ ಅದಕ್ಕೆ ದಾರಿ ಗೊತ್ತಿತ್ತು. ಹರಿಹರ, ರಾಣೆಬೆನ್ನೂರು, ಹಾವೇರಿ, ವರದಾ ನದಿಯ ದಾರಿ, ಸವಣೂರು. ಅದರ ಮೇಲೆ ಬಿಲ್ಲೆ ಇಡುವ ಆರು ಮೂಲೆಯ ಮನೆಗಳನ್ನು ಹೆಣೆದೆ. ಎರಡು ತಾಸು ಹಿಡಿಯಿತು. ಕೆಳಗೆ ಆಜ್ಞೆಯ ನಾಲ್ಕೂ ಸಾಲು ಬರೆದೆ. ಒಳಗಿದ್ದವರನ್ನು ಯಾರನ್ನೂ ಬಿಡಬಾರದು ಎಂಬುದನ್ನೂ ಬರೆದೆ, ಪೊಲೀಸರೆದುರಿಗೆ ಕೂತು.

ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. “ಈ ಸಾಲ ಬರದು ನಿಮಗ ಏನೂ ಅನಸಲಿಲ್ಲೇನು?”

“ಹೆದರಿಕಿ ಬಂತ್ರಿ. ಇಲ್ಲೇ ನಡದದ್ದು ಅದು. ನಮಗ ಯಾರಿಗೂ ನೆನಪಿಲ್ಲ.”

“ರೈಲು, ಟಾಕಿ?”

“ಅವು ನಮ್ಮ ಕಚೇರಿ ಹಾಳ್ಯಾಗಿನವು. ಕೇಳದಽ ನಕಲು ಮಾಡೇನ್ರಿ.”

“ನಿಮ್ಮ ಕಚೇರಿಗೆ ನಾ ಬರದು ತಿಳಿಸಬೇಕಾಗತೈತಿ. ಗೊತ್ತೈತಿಲ್ಲ?”

“ಗೊತ್ತೈತ್ರಿ” ಅಂದೆ.

ಹೇಳಿಕೆ ಬರೆಸಿ ಸಹಿ ಮಾಡಿಸಿಕೊಂಡರು. ನಿಮ್ಮನ್ನು ಇನ್ನು ಕರೆಯುವುದಿಲ್ಲ ಎಂದರು. ಅದನ್ನು ನಾನೇ ನಿಮಗೆ ಹೇಳಬೇಕೆಂದು ಹೊರಗೆ ಬಂದೆ. ಬೆಂಚು ಖಾಲಿಯಾಗಿತ್ತು. ನಿಮ್ಮನ್ನು ಆಗಲೇ ಮನೆಗೆ ಕಳಿಸಿದ್ದರಂತೆ.

ಇಪ್ಪತ್ತೈದು ದಿನ ತಡವಾಯಿತು ಅಣ್ಣಾ. ಕ್ಷಮಿಸಿ ಎಂದು ಬರೆಯಲು ನನಗೆ ಮುಖವಿಲ್ಲ.

ಅರುಣಾ


ರಾಣೆಬೆನ್ನೂರು
೧೦ ಸೆಪ್ಟೆಂಬರ್ ೨೦೨೪

ಮುಜಾಫರಣ್ಣನವರಿಗೆ,

ಒಂದು ತಿಂಗಳಾಯಿತು. ನಿಮ್ಮ ಪತ್ರವಿಲ್ಲ. ಉತ್ತರಕ್ಕಾಗಿ ಬರೆಯುತ್ತಿಲ್ಲ, ಸುದ್ದಿ ತಿಳಿಸಲಿಕ್ಕೆ ಬರೆಯುತ್ತಿದ್ದೇನೆ.

ನನ್ನನ್ನು ಅಮಾನತು ಮಾಡಿದ್ದಾರೆ. ವಿಚಾರಣೆ ನಡೆಯುತ್ತದಂತೆ. ಅವ್ವನಿಗೆ ಹೇಳಿಲ್ಲ. ದಿನಾ ಬೆಳಗ್ಗೆ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ, ನಗರಸಭೆಯ ವಾಚನಾಲಯದಲ್ಲಿ ಕೂತು, ಐದೂವರೆಗೆ ಬರುತ್ತೇನೆ. ಫೋಟೋ ನನ್ನದೆಂದು ಈಗ ಓಣಿಗೆಲ್ಲ ಗೊತ್ತು. ಕಿರಾಣಿ ಅಂಗಡಿಯವನು ನನಗೆ ಸಾಮಾನು ಕೊಡುತ್ತಾನೆ, ಮಾತಾಡುವುದಿಲ್ಲ. ಒಮ್ಮೆ ಮಾತ್ರ, “ನಿಮ್ಮದು ಅಂತ ಮೊದಲಽ ಹೇಳಿದ್ರ ನಾವ್ ಯಾಕ ಅಂಜತಿದ್ವಿ ಬಾಯಾರ?” ಎಂದ. ನನ್ನದೆಂದ ಕೂಡಲೇ ಅದು ಬರೀ ಆಟವಾಗುತ್ತಿತ್ತು, ನಿಮ್ಮ ಹೆಸರಿದ್ದುದರಿಂದ ದಾಳಿಯ ಯೋಜನೆಯಾಯಿತು. ಅವನು ಹೇಳಿದ್ದು ಅದೇ. ಅದನ್ನು ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಕೊಂಡ ಸಾಮಾನನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಭಾಬಿಗೂ ಬೇನಜೀರಳಿಗೂ ನನ್ನ ನಮಸ್ಕಾರ ತಿಳಿಸಿ. ತಿಳಿಸಲು ಮನಸ್ಸಿಲ್ಲದಿದ್ದರೆ ಬೇಡ.

ಅರುಣಾ


ಬ್ಯಾಡಗಿ
೬ ಅಕ್ಟೋಬರ್ ೨೦೨೪

ಅರುಣಾ ತಂಗಿಗೆ,

ಎರಡು ತಿಂಗಳಿಂದ ಈ ಪತ್ರವನ್ನು ಬರೆದು ಹರಿಯುತ್ತಿದ್ದೇನೆ. ಸಿಟ್ಟಿನಿಂದಲ್ಲ. ಮೊದಲು ಉಳಿದ ಸುದ್ದಿಗಳನ್ನು ಬರೆದುಬಿಡುತ್ತೇನೆ, ಆಮೇಲೆ ಅದು.

ಸಾಹೇಬರು ಊರಿನ ಹಿರಿಯರನ್ನು ಕರೆದು, ಇದು ಆಟದ ನಕಾಶೆ, ಇನ್ನು ಯಾರೂ ಫೋಟೋ ಕಳಿಸಬಾರದು ಎಂದು ಹೇಳಿದರು. ಒಬ್ಬ ಮಿಠಾಯಿ ಅಂಗಡಿಯವನು ತಿರುಗಿ ಬಂದಿದ್ದಾನೆ. ಬೇನಜೀರ ಹಾಸ್ಟೆಲಿಗೆ ಹೋಗಿದ್ದಾಳೆ; ಅಂಜಲಿ ಎನ್ನುವ ಹುಡುಗಿ ತಾನಾಗಿಯೇ ಬಂದು ಅವಳ ಪಕ್ಕದ ಮಂಚ ಕೇಳಿಕೊಂಡಳಂತೆ. ಬಿಲ್ಲೆಗಳನ್ನು ಚೀಲದಲ್ಲಿ ಕಟ್ಟಿ ಮರಳಿಸಿದರು. ನಾನು ಬಿಚ್ಚಿಲ್ಲ. ಆಟ ಮುಂದುವರಿಸುವ ಮಾತನ್ನು ಈಗ ನನ್ನಿಂದ ಆಡಲಾಗದು. ಫೋಟೋ ಈಗಲೂ ಎಲ್ಲೆಲ್ಲೋ ತಿರುಗುತ್ತಿದೆ. ಹೋದ ವಾರ ದಾವಣಗೆರೆಯಿಂದ ಒಬ್ಬ ದಾದಾಪೀರನಿಗೆ ಕಳಿಸಿದ್ದ, ಹೊಸದೆಂಬಂತೆ.

ಈಗ ಅದು. ನೀನು ಠಾಣೆಗೆ ಬಂದದ್ದು ಮಂಗಳವಾರ ಹನ್ನೊಂದಕ್ಕೆ. ಅವತ್ತೇ ಬೆಳಗ್ಗೆ ಹತ್ತೂಮುಕ್ಕಾಲಿಗೆ ನಾನು ನಿನ್ನ ಹೆಸರು ಹೇಳಿಬಿಟ್ಟಿದ್ದೆ.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಜೀಪು ಬಂದು ನಿಂತಿತ್ತು, ಹಾವೇರಿಗೆ ಒಯ್ಯಲು. ಅದರ ಹಿಂದಿನ ಬಾಗಿಲು ತೆರೆದಿತ್ತು. ಅಷ್ಟೇ. ಆ ತೆರೆದ ಬಾಗಿಲನ್ನು ನೋಡಿ ಎದ್ದು ನಿಂತೆ. “ಹೇಳ್ತೇನ್ರಿ” ಅಂದೆ. ನಿನ್ನ ಹೆಸರು, ಕಚೇರಿ, ಓಣಿ ಎಲ್ಲ ಹೇಳಿದೆ. ನಿನ್ನ ಮನೆಯ ಬಾಗಿಲಿನ ಬಣ್ಣವನ್ನೂ ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. ಒಬ್ಬ ಪೇದೆ ನಿನ್ನನ್ನು ಕರೆತರಲು ಬೈಕ್ ತೆಗೆಯುತ್ತಿದ್ದ. ಅಷ್ಟರಲ್ಲಿ ನೀನೇ ಮೆಟ್ಟಿಲು ಹತ್ತಿ ಬಂದೆ.

ನಾನು ಮುಖ ತಿರುಗಿಸಿದ್ದು ಅದಕ್ಕೆ. ನೀನು ಕೋಪವೆಂದು ತಿಳಿದೆ. ನಿನ್ನ ಪತ್ರದಲ್ಲಿ ಅದನ್ನು ಓದಿದಾಗ, ಹಾಗೇ ತಿಳಿದಿರಲಿ, ನನಗೇನು ನಷ್ಟ ಎನ್ನಿಸಿತು. ಆ ಯೋಚನೆ ನನಗೆ ಬಂತು ಎನ್ನುವುದೇ ಈ ಎರಡು ತಿಂಗಳು ನನ್ನನ್ನು ಸುಟ್ಟಿದೆ. ನೀನು ನನ್ನ ಹೆಸರಿಗಾಗಿ ನೌಕರಿ ಕಳೆದುಕೊಂಡು ಕೂತಿದ್ದೀ, ನಾನು ಇಲ್ಲಿ ಬಾಯಿ ಬಿಡದ ದೊಡ್ಡ ಮನುಷ್ಯನಾಗಿ ಓಡಾಡುತ್ತಿದ್ದೇನೆ. ಓಣಿಯಲ್ಲಿ ಫಕ್ಕೀರಸಾಬ ಚಾಚಾ ನನ್ನ ಬೆನ್ನು ತಟ್ಟಿ, “ತಂಗಿ ಹೆಸರ ಹೇಳಲಿಲ್ಲ ನೋಡು, ಅದು ಗಂಡಸುತನ” ಅಂದ. ನಾನು ತಲೆ ಬಗ್ಗಿಸಿದೆ. ಅದನ್ನೂ ಅವನು ವಿನಯವೆಂದು ತಿಳಿದ.

ಸಾಹೇಬರಿಗೆ ಗೊತ್ತು, ಆ ಪೇದೆಗೆ ಗೊತ್ತು. ಅವರು ಯಾಕೆ ನಿನಗೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ನೀನು ಯಾರೂ ಕರೆಯದೆ ಬಂದವಳು, ಅದು ಹಾಗೇ ಇರಲಿ ಎಂದು ಬಿಟ್ಟರೇನೋ.

ವಿಚಾರಣೆಗೆ ನಾನು ಬರುತ್ತೇನೆ. ಅವರು ಕರೆಯದಿದ್ದರೂ ಬಂದು, ಆ ನಕಾಶೆ ಏತಕ್ಕೆ ಬೇಕಾಗಿತ್ತೆಂದು ಹೇಳುತ್ತೇನೆ. ಅವ್ವನಿಗೆ ಮಾತ್ರ ನಿಜ ಹೇಳಿಬಿಡು. ಬುತ್ತಿ ಕಟ್ಟಿಕೊಂಡು ತಿರುಗಬೇಡ.

ಬನ್ನಿ ಹಬ್ಬದ ಮರುದಿನ ಭಾನುವಾರ. ಊಟಕ್ಕೆ ಬಾ. ಕುಲ್ಸುಮ ಇನ್ನೂ ನಿನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಮಾತಾಡಲಿಕ್ಕಿಲ್ಲ, ಆದರೆ ಬಡಿಸುತ್ತಾಳೆ. ನಾನು ಕೊನೆಯವರೆಗೂ ಬಾಯಿ ಬಿಡಲಿಲ್ಲ ಎಂದೇ ಅವಳೂ ನಂಬಿದ್ದಾಳೆ. ನೀನು ಬಂದ ದಿನ, ನೀನು ಎದುರಿಗಿರುವಾಗಲೇ ಅವಳಿಗೆ ಹೇಳಬೇಕೆಂದಿದ್ದೇನೆ.

ಒಬ್ಬನೇ ಹೇಳಲು ನನಗೆ ಹೆದರಿಕೆ.

ಮುಜಾಫರ